ಐವತ್ತರಲ್ಲಿ ಸ್ಕೂಟರು ಕಲಿಯುವವರ ಪರವಾಗಿ ಒಂದು ಬಿನ್ನಹ



ಮಕ್ಕಳು ಓದಿಗೋ ಉದ್ಯೋಗಕ್ಕೋ ಊರು ಬಿಟ್ಟ ಮೇಲೆ, ಔಷಧದ ಅಂಗಡಿಗೂ ಬ್ಯಾಂಕಿಗೂ ಹೋಗಿಬರಲು ಪ್ರತಿಸಲವೂ ಇನ್ನೊಬ್ಬರ ಮುಖ ನೋಡುವುದು ಬೇಡವೆಂದು ಬಗೆದು, ಐವತ್ತರ ಆಸುಪಾಸಿನಲ್ಲಿ ಸ್ಕೂಟರಿನ ಹ್ಯಾಂಡಲು ಹಿಡಿಯುವ ಗೃಹಿಣಿಯರು ಈಗ ನಮ್ಮ ಪಟ್ಟಣಗಳಲ್ಲಿ ಅಪರೂಪದವರಲ್ಲ. ಜೀವಮಾನವೆಲ್ಲ ಬಸ್ಸಿನಲ್ಲಿ ಕಚೇರಿಗೆ ಹೋಗಿಬಂದು, ನಿವೃತ್ತಿಯ ಹಣ ಕೈಸೇರಿದ ಮೇಲೆ, ಯೌವನದಲ್ಲಿ ಕೈಗೂಡದಿದ್ದ ಮೋಟಾರು ಸೈಕಲ್ಲಿನ ಆಸೆಯನ್ನು ತೀರಿಸಿಕೊಳ್ಳ ಹೊರಡುವ ಗೃಹಸ್ಥರೂ ಅಪರೂಪದವರಲ್ಲ. "ಈ ವಯಸ್ಸಿನಲ್ಲಿ ಇದೆಲ್ಲ ಏಕೆ?" ಎಂದು ಕೇಳುವ ನೆಂಟರಿಷ್ಟರ ಪಕ್ಷ ನಮ್ಮದಲ್ಲ. ಸ್ವಾವಲಂಬನೆಯ ಬಯಕೆಗೆ ವಯೋಮಿತಿಯನ್ನು ವಿಧಿಸುವ ಅಧಿಕಾರ ಯಾರಿಗೂ ಇಲ್ಲವೆಂದೇ ನಾವು ನಂಬಿರುವೆವು. ಆದರೆ ಇಂತಹವರ ಕೈಗೆ ಲೈಸೆನ್ಸನ್ನು ಕೊಡುವ ನಮ್ಮ ನಿಯಮಗಳು ಅವರ ವಯಸ್ಸನ್ನು ಮಾತ್ರ ಕಂಡು, ಅವರು ಹೊಸಬರೆಂಬುದನ್ನು ಕಾಣದೆ ಹೋಗಿವೆ. ಈ ಕರಪತ್ರದ ಆಕ್ಷೇಪವೆಲ್ಲ ಅದೊಂದೇ.

1988ರ ಮೋಟಾರು ವಾಹನಗಳ ಕಾಯ್ದೆಯು ಗಾಡಿ ಓಡಿಸುವವರ ಕನಿಷ್ಠ ವಯಸ್ಸನ್ನು 18 ಎಂದು ಗೊತ್ತುಪಡಿಸಿ, 50 ಸಿ.ಸಿ. ಮೀರದ ಮೋಟಾರು ಸೈಕಲ್ಲಿಗೆ ಮಾತ್ರ 16ಕ್ಕೆ ಇಳಿಸಿದೆ. ಗರಿಷ್ಠ ವಯಸ್ಸನ್ನು ಅದು ಹೇಳಿಲ್ಲ, ಹೇಳದೆ ಇದ್ದುದೇ ಸರಿ. ಹೊಸಬನು ಮೊದಲು ಎಲ್.ಎಲ್.ಆರ್., ಅಂದರೆ ಕಲಿಯುವವರ ಲೈಸೆನ್ಸನ್ನು, ಪಡೆಯಬೇಕು, ಅದು ಆರು ತಿಂಗಳು ಊರ್ಜಿತವಾಗಿರುವುದು, ಪಡೆದು ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹಾಜರಾಗಬಹುದು. ನಲವತ್ತು ದಾಟಿದವರು ಇದರೊಡನೆ ವೈದ್ಯರ ಪ್ರಮಾಣಪತ್ರವನ್ನೂ ತರಬೇಕು. ಹಗಲ ಬೆಳಕಿನಲ್ಲಿ 25 ಮೀಟರು ದೂರದ ನಂಬರ್ ಪ್ಲೇಟು ಕಾಣುವುದೇ, ಕಿವಿ ಕೇಳುವುದೇ, ಮೂರ್ಛೆ ತಲೆಸುತ್ತುಗಳುಂಟೇ ಎಂದು ಅರ್ಜಿಯ ಮತ್ತು ಪ್ರಮಾಣಪತ್ರದ ನಮೂನೆಗಳು ವಿಚಾರಿಸುತ್ತವೆ. ವಿಚಾರಿಸಲಿ, ಕಣ್ಣು ಕಾಣದವನು ಗಾಡಿ ಓಡಿಸಲೆಂದು ಯಾರೂ ವಾದಿಸರು. ಆದರೆ ಕಣ್ಣು ಕಿವಿಗಳ ಲೆಕ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ಕೇಳುವ ಸರಕಾರವು, ಆ ಮೂವತ್ತು ದಿನಗಳಲ್ಲಿ ಅಭ್ಯರ್ಥಿಯು ಏನು ಕಲಿತನು, ಎಲ್ಲಿ ಕಲಿತನು, ಯಾರಿಂದ ಕಲಿತನು ಎಂಬುದನ್ನು ಸ್ವಂತ ದ್ವಿಚಕ್ರದ ವಿಷಯದಲ್ಲಿ ಕೇಳುವುದೇ ಇಲ್ಲ. ಮೂವತ್ತು ದಿನವೂ ಗಾಡಿಗೆ ಹೊದಿಕೆ ಹೊದಿಸಿಟ್ಟಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅವನ ಅಭ್ಯಾಸ ಪೂರ್ಣವಾದಂತೆಯೇ.

2019ರ ತಿದ್ದುಪಡಿಯ ಪ್ರಕಾರ, 30 ತುಂಬುವ ಮುನ್ನ ಪಡೆದ ಲೈಸೆನ್ಸು 40ರವರೆಗೂ, 30 ಮತ್ತು 50ರ ನಡುವೆ ಪಡೆದುದು ಹತ್ತು ವರ್ಷವೂ, 50 ಮತ್ತು 55ರ ನಡುವೆ ಪಡೆದುದು 60ರವರೆಗೂ, ಅಲ್ಲಿಂದಾಚೆಗೆ ಐದೈದು ವರ್ಷವೂ ನಡೆಯುತ್ತದೆ. ಪಡೆದುದು ಮೊದಲ ಸಲವೋ ನವೀಕರಣವೋ ಎಂಬ ಭೇದವನ್ನು ಕಾಯ್ದೆ ಎಣಿಸಿಲ್ಲ. ಇಪ್ಪತ್ತರಿಂದ ದಿನವೂ ಸವಾರಿ ಮಾಡಿ ಮೂರು ದಶಕಗಳ ಮಳೆ, ಮರಳು, ಗುಂಡಿ, ಬೀದಿನಾಯಿಗಳನ್ನೆಲ್ಲ ದಾಟಿ ಬಂದ ಐವತ್ತೆರಡರ ಸವಾರನೂ, ಹೋದ ತಿಂಗಳು ಮೊದಲ ಬಾರಿಗೆ ಬ್ರೇಕು ಹಿಡಿದ ಐವತ್ತೆರಡರ ಕಲಿಕೆಯವನೂ ಒಂದೇ ಕಿಟಕಿಯಿಂದ ಒಂದೇ ಅವಧಿಯ ಕಾರ್ಡನ್ನು ಪಡೆದು ಹೊರಬರುತ್ತಾರೆ. ಹೀಗೆ ವರ್ಷಗಳನ್ನೆಣಿಸುವ ಕಾಯ್ದೆಯು ಅನುಭವವನ್ನೆಣಿಸುವುದನ್ನು ಮರೆತಿದೆ.

ಇನ್ನು ಕಲಿಕೆಯ ಕಾಲದ ನಿಯಮವನ್ನು ನೋಡಿರಿ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ ಮೂರನೆಯದರಂತೆ, ಎಲ್.ಎಲ್.ಆರ್. ಇರುವವನೊಡನೆ ಲೈಸೆನ್ಸುಳ್ಳ ಬೋಧಕನೊಬ್ಬನು, ವಾಹನವನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಸಾಧ್ಯವಾಗುವ ಸ್ಥಾನದಲ್ಲಿ ಕುಳಿತಿರತಕ್ಕದ್ದು. ಕಾರಿನಲ್ಲಿ ಇದು ವಿವೇಕದ ಮಾತೇ ಸರಿ. ದ್ವಿಚಕ್ರದಲ್ಲಿ ಆ ಸ್ಥಾನ ಹಿಂದಿನ ಸೀಟೊಂದೇ. ಅಲ್ಲಿಂದ ಬ್ರೇಕಿಗೆ ಕೈ ಎಟುಕದು, ಕಾಲಂತೂ ಎಟುಕದು. ಇದು ನಿಯಮಕರ್ತರಿಗೆ ತಿಳಿಯದ ಸಂಗತಿಯೂ ಅಲ್ಲ: ಡ್ರೈವಿಂಗ್ ಶಾಲೆಗಳನ್ನು ಕುರಿತ 24ನೆಯ ನಿಯಮದಲ್ಲಿ, ಕಲಿಸುವ ವಾಹನಗಳಿಗೆಲ್ಲ ಜೋಡಿ ಹತೋಟಿಯಿರಬೇಕೆಂದು ಬರೆದು, ಮೋಟಾರು ಸೈಕಲ್ಲುಗಳನ್ನು ಅವರೇ ಬಿಟ್ಟಿದ್ದಾರೆ. ಒಂದು ನಿಯಮವು ಅಸಾಧ್ಯವೆಂದು ಒಪ್ಪಿಕೊಂಡುದನ್ನು ಇನ್ನೊಂದು ನಿಯಮವು ಕಡ್ಡಾಯ ಮಾಡಿದೆ. ಫಲವೇನೆಂದರೆ, ತನ್ನ ತೂಕವನ್ನೇ ಎರಡು ಗಾಲಿಗಳ ಮೇಲೆ ತೂಗಲಾರದೆ ತಡವರಿಸುತ್ತಿರುವ ಐವತ್ತೈದರ ಹೆಂಗಸು, ಎಪ್ಪತ್ತು ಕಿಲೋ ತೂಗುವ ಗಂಡನನ್ನೋ ಮಗನನ್ನೋ ಬೆನ್ನ ಹಿಂದೆ ಕೂರಿಸಿಕೊಂಡು, ಅವನು ಎಡಕ್ಕೆ ಬಾಗಿದರೆ ಎಡಕ್ಕೂ ಹೆದರಿ ಕೂಗಿದರೆ ಬಲಕ್ಕೂ ವಾಲುತ್ತ ಕಲಿಯಬೇಕಾಗುತ್ತದೆ. ಈಜು ಕಲಿಸುವವನು ಕಲಿಯುವವನ ಹೆಗಲೇರಿ ಕುಳಿತಂತೆ. (ಕಲಿಸುವವನು ಗಂಡನೇ ಆದಾಗ ಕೂಗಾಟ ಯಾವ ನಿಯಮಕ್ಕೂ ಬಗ್ಗದೆಂಬುದು ಬೇರೆ ಮಾತು.)

ಇಂಗ್ಲೆಂಡಿನ ಪದ್ಧತಿ ಇದಕ್ಕೆ ನೇರ ವಿರುದ್ಧವಾದುದು. ಅಲ್ಲಿ 1990ರಿಂದ ಜಾರಿಯಲ್ಲಿರುವ ಕಡ್ಡಾಯ ಪ್ರಾಥಮಿಕ ತರಬೇತಿಯಂತೆ, ಹೊಸಬನು ಮೊದಲು ರಸ್ತೆಯಿಂದ ದೂರವಾದ ಅಂಗಳದಲ್ಲಿ ಗಾಡಿಯನ್ನು ತಳ್ಳುವುದು, ನಿಲ್ಲಿಸುವುದು, ತಿರುಗಿಸುವುದನ್ನು ಕಲಿತು, ಅನಂತರ ಬೇರೊಂದು ಮೋಟಾರು ಸೈಕಲ್ಲಿನಲ್ಲಿ ಹಿಂಬಾಲಿಸುವ ಬೋಧಕನ ಮಾತನ್ನು ರೇಡಿಯೋ ಮೂಲಕ ಕೇಳುತ್ತ, ಕಡಮೆಯೆಂದರೆ ಎರಡು ಗಂಟೆ ರಸ್ತೆಯಲ್ಲಿ ಓಡಿಸಬೇಕು. ಕಲಿಯುವವನು ಹಿಂದೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಅಲ್ಲಿನದೆಲ್ಲ ಒಳ್ಳೆಯದೆಂದು ನಾವೇನೂ ಹೇಳುವುದಿಲ್ಲ. ಇಪ್ಪತ್ತನಾಲ್ಕು ತುಂಬಿದವನಿಗೆ ಕಿರಿಯ ದರ್ಜೆಗಳನ್ನು ಬಿಟ್ಟು ನೇರವಾಗಿ ದೊಡ್ಡ ಗಾಡಿಯ ಪರೀಕ್ಷೆ ಕೊಡಲು ಅಲ್ಲಿ ಅವಕಾಶವಿದೆ. ವಯಸ್ಸೇ ಅನುಭವವೆಂದು ಎಣಿಸುವ ತಪ್ಪು ಅವರದೂ ಹೌದು.

ನಡುವಯಸ್ಸು ದಾಟಿದವರಿಗೆ ಈ ವಿದ್ಯೆಯಲ್ಲಿ ಕಷ್ಟವಾಗುವುದು ಯಾವುದು? ರಸ್ತೆಯ ಮರ್ಯಾದೆಯಂತೂ ಅಲ್ಲ. ಆ ವಿಷಯದಲ್ಲಿ ಅವರು ಹದಿನೆಂಟರ ಹುಡುಗರಿಗೆ ಪಾಠ ಹೇಳಬಲ್ಲರು. ಕಷ್ಟವಿರುವುದು ಕೈಯಲ್ಲಿ. ಗೇರಿಲ್ಲದ ಸ್ಕೂಟರಿನಲ್ಲಿ ಬಲಗೈಯ ಮಣಿಕಟ್ಟೇ ವೇಗವನ್ನು ಆಳುವುದು. ಎದುರಿಗೆ ಏನಾದರೂ ಥಟ್ಟನೆ ಬಂದಾಗ ಬೆಚ್ಚಿದ ದೇಹವು ಹಿಂದಕ್ಕೆ ಸರಿಯುತ್ತದೆ, ಹಿಡಿ ಬಿಗಿಯಾಗುತ್ತದೆ, ಮಣಿಕಟ್ಟು ತನ್ನಂತೆಯೇ ಹಿಂದಕ್ಕೆ ತಿರುಗಿ, ನಿಲ್ಲಬೇಕಾದ ಗಾಡಿ ಮುಂದಕ್ಕೆ ಹಾರುತ್ತದೆ. ಬಾಲ್ಯದಲ್ಲಿ ಸೈಕಲ್ಲು ತುಳಿದವರಿಗೆ ಸಮತೋಲವಾದರೂ ದೇಹದಲ್ಲಿ ಉಳಿದಿರುತ್ತದೆ. ಸೈಕಲ್ಲು ಹತ್ತುವುದು ಹೆಣ್ಣುಮಕ್ಕಳಿಗೆ ತರವಲ್ಲವೆಂದು ತಡೆದ ಮನೆಗಳಲ್ಲಿ ಬೆಳೆದವರಿಗೆ ಅದೂ ಇಲ್ಲ. ಮೂವತ್ತು ವರ್ಷ ಕಾರು ಓಡಿಸಿದವರ ಗತಿ ಮತ್ತೊಂದು ಬಗೆಯದು: ರಸ್ತೆಯನ್ನು ಅವರ ಕಣ್ಣು ಚೆನ್ನಾಗಿ ಓದುತ್ತದೆ, ಆದರೆ ಅಪಾಯ ಕಂಡೊಡನೆ ಅವರ ಬಲಗಾಲು ಇಲ್ಲದ ಪೆಡಲನ್ನು ಹುಡುಕುತ್ತದೆ. ಎಡಗೈಯ ಹಿಡಿಯಲ್ಲೇ ಗೇರು ತಿರುಗಿಸುತ್ತಿದ್ದ ಹಳೆಯ ಸ್ಕೂಟರುಗಳ ಕಾಲದವರು ಎಷ್ಟೋ ವರ್ಷದ ಮೇಲೆ ಮರಳಿ ಬಂದರೆ, ಅವರ ಕೈ ಬೇರೊಂದು ಯಂತ್ರದ ನೆನಪಿನಲ್ಲಿರುತ್ತದೆ. ನೂರು ಕಿಲೋ ಮೀರಿದ ಗಾಡಿ ನಿಂತಲ್ಲಿಯೇ ವಾಲಿದರೂ ಈ ವಯಸ್ಸಿನಲ್ಲಿ ಮಣಿಕಟ್ಟಿನ ಎಲುಬು ಮುರಿಯಬಹುದು. ಎಳೆಯನಾದರೆ ಮಂಡಿ ತರಚಿಕೊಂಡು ಏಳುತ್ತಿದ್ದನು. ಇವುಗಳಲ್ಲಿ ಯಾವುದೂ ವೈದ್ಯರ ಪ್ರಮಾಣಪತ್ರಕ್ಕೆ ಗೋಚರವಾಗುವ ದೋಷವಲ್ಲ, ಕಲಿಸಿದರೆ ಹೋಗದ ದೋಷವೂ ಅಲ್ಲ.

ಆರ್.ಟಿ.ಓ. ಮೈದಾನದಲ್ಲಿ ದ್ವಿಚಕ್ರದ ಪರೀಕ್ಷೆಯೆಂದರೆ ಜನರ ಬಾಯಲ್ಲಿ "ಎಂಟು ಹಾಕುವುದು". ಕಾಲನ್ನು ನೆಲಕ್ಕೂರದೆ ನಡಿಗೆಯ ವೇಗದಲ್ಲಿ ಎಂಟರ ಆಕಾರವನ್ನು ಸುತ್ತಿದವರು ಗೆದ್ದರು. ವೇಗದಲ್ಲಿರುವ ಗಾಡಿಯನ್ನು ಜಾರದಂತೆ ನಿಲ್ಲಿಸಬಲ್ಲರೇ ಎಂಬುದು, ನಾಳೆಯೇ ಪ್ರಾಣದ ಪ್ರಶ್ನೆಯಾಗಬಹುದಾದ ಆ ಒಂದು ಸಂಗತಿ, ಅಲ್ಲಿ ಕಾಣಿಸದು. ಹೀಗೆ ಗೇರಿನ ಗಾಡಿಯಲ್ಲಿ ಎಂಟು ಹಾಕಿದವನು 100 ಸಿ.ಸಿ.ಯದನ್ನು ಮಾತ್ರವಲ್ಲ, ಮನಸ್ಸಾದರೆ ಮರುದಿನವೇ 650 ಸಿ.ಸಿ.ಯದನ್ನೂ ಏರಬಹುದು, ಎಂಜಿನ್ನಿನ ಬಲಕ್ಕೆ ನಮ್ಮ ಲೈಸೆನ್ಸಿನಲ್ಲಿ ಮೆಟ್ಟಿಲುಗಳಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಕಲಿಯುವವನು ಎಷ್ಟು ವಯಸ್ಸಿನವನಾದರೂ ಸರಿ, 660 ಸಿ.ಸಿ. ಮೀರದ, ತೂಕದ ಟನ್ನಿಗೆ 150 ಕಿಲೋವಾಟು ದಾಟದ ಗಾಡಿಗಳಿಂದಲೇ ಆರಂಭಿಸಬೇಕು. ಇನ್ನೊಂದು ಕಡೆ, ಪರೀಕ್ಷೆಗೆ ಅಂಜಿದ ನಮ್ಮ ಹಿರಿಯರು 250 ವಾಟು ಮುಟ್ಟದ, ಗಂಟೆಗೆ 25 ಕಿಲೋಮೀಟರು ಮೀರದ ಬ್ಯಾಟರಿ ಸ್ಕೂಟರನ್ನು ಕೊಂಡು, ಅದಕ್ಕೆ ಲೈಸೆನ್ಸು ಬೇಡವಾದ್ದರಿಂದ ಏನನ್ನೂ ಕಲಿಯದೆ ಅದೇ ಲಾರಿಗಳ ನಡುವೆ ಇಳಿಯುತ್ತಾರೆ.

ಆದುದರಿಂದ ನಾವು ಬೇಡುವುದಿಷ್ಟು. ದ್ವಿಚಕ್ರದ ಹೊಸಬರೆಲ್ಲರಿಗೂ, ಎಲ್.ಎಲ್.ಆರ್. ಪಡೆದ ಮೇಲೆ ರಸ್ತೆಗಿಳಿಯುವ ಮುನ್ನ, ವಾಹನಸಂಚಾರವಿಲ್ಲದ ಮೈದಾನದಲ್ಲಿ ನಿಯತ ಗಂಟೆಗಳ ಶಿಕ್ಷಣ ಕಡ್ಡಾಯವಾಗಲಿ. ನಿಧಾನವಾಗಿ ಕಲಿಯುವವರಿಗೆ ಹೆಚ್ಚಿನ ಗಂಟೆಗಳು ಹೆಚ್ಚಿನ ಶುಲ್ಕವಿಲ್ಲದೆ ದೊರೆಯಲಿ. ಹಿಂದಿನ ಸೀಟಿನ ಬೋಧಕನನ್ನು ನಿಯಮವು ಇಳಿಸಿಬಿಡಲಿ. ತಡೆದು ನಿಲ್ಲಿಸುವ ಪರೀಕ್ಷೆ ಎಂಟರ ಜೊತೆಗೆ ಸೇರಲಿ. ಮೊದಲ ಎರಡು ವರ್ಷ ಎಂಜಿನ್ನಿಗೊಂದು ಮಿತಿಯಿರಲಿ, ಅದು ವಯಸ್ಸಿನಿಂದಲ್ಲದೆ ಸವಾರಿಯ ವರ್ಷಗಳಿಂದ ಸಡಿಲವಾಗಲಿ.

ಇದು ಬಡವರಿಗೂ ಹೆಂಗಸರಿಗೂ ಹೊಸ ಹೊರೆಯೆಂದೂ, ಬ್ರೋಕರುಗಳಿಗೆ ಹೊಸ ಹುಟ್ಟುವಳಿಯೆಂದೂ ಕೆಲವರು ಆಡಬಹುದು. ಎರಡನೆಯ ಭಯ ನಮಗೂ ಇದೆ; ಶಿಕ್ಷಣದ ಪ್ರಮಾಣಪತ್ರ ದುಡ್ಡಿಗೆ ಬಿಕರಿಯಾದರೆ ಈ ಬಿನ್ನಹ ವ್ಯರ್ಥವೇ ಸರಿ, ಆದಕಾರಣ ನಿಲ್ಲಿಸುವ ಪರೀಕ್ಷೆಯನ್ನು ಅಧಿಕಾರಿಯ ಕಣ್ಣೆದುರಿಗೇ ಇಡಬೇಕೆಂದು ಕೇಳಿರುವೆವು. ಮೊದಲನೆಯದಕ್ಕೆ ಉತ್ತರವಾಗಿ ಕೇಂದ್ರ ಸರಕಾರದ ಲೆಕ್ಕವೇ ಇದೆ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಅವರಲ್ಲಿ ನೂರಕ್ಕೆ 44.5ರಷ್ಟು ಜನ ದ್ವಿಚಕ್ರದಲ್ಲಿದ್ದವರು. ಈ ಹೊರೆಯನ್ನು ಹೊರುತ್ತಿರುವ ಮನೆಗಳೂ ಬಹುಪಾಲು ಬಡವರವೇ.

ಮೋಟಾರು ವಾಹನಗಳ ವಿಷಯವು ಸಂವಿಧಾನದ ಸಮವರ್ತಿ ಪಟ್ಟಿಗೆ ಸೇರಿದ್ದರೂ ಮೇಲೆ ಹೇಳಿದ ನಿಯಮಗಳನ್ನು ತಿದ್ದುವ ಅಧಿಕಾರ ದೆಹಲಿಯದು; ಅಲ್ಲಿಯ ರಸ್ತೆ ಸಾರಿಗೆ ಮಂತ್ರಾಲಯಕ್ಕೆ ಬರೆಯುವಾಗ ಮೂರನೆಯ ನಿಯಮದ ಹೆಸರೆತ್ತಿ ಬರೆಯಿರಿ. ರಾಜ್ಯದ ಸಾರಿಗೆ ಆಯುಕ್ತರಿಗೆ ಬರೆಯುವ ಪತ್ರ ಇನ್ನೂ ಚಿಕ್ಕದಾಗಿರಬಹುದು: ಪರೀಕ್ಷೆಯಿಲ್ಲದ ಹೊತ್ತುಗಳಲ್ಲಿ ಪ್ರತಿಯೊಂದು ಆರ್.ಟಿ.ಓ. ಮೈದಾನದ ಬಾಗಿಲನ್ನು ಎಲ್.ಎಲ್.ಆರ್. ತೋರಿಸಿದವರಿಗೆ ತೆರೆದು, ಅಲ್ಲೊಬ್ಬ ಬೋಧಕನನ್ನು ನಿಲ್ಲಿಸಬೇಕೆಂದು. ಇದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ.