ಬ್ಲ್ಯಾಕ್ ಪ್ಯೂಮಾಸ್: ಹೊಸ ದನಿಯೋ, ಹಳೆಯ ನೆರಳೋ?

ಅಮೆರಿಕದ ಆಸ್ಟಿನ್ ನಗರದ ಈ ತಂಡ 2019ರಲ್ಲಿ ಮೊದಲ ಆಲ್ಬಮ್ ತಂದಿತು. ಮರುವರ್ಷವೇ ಅತ್ಯುತ್ತಮ ಹೊಸ ಕಲಾವಿದರ ಗ್ರ್ಯಾಮಿ ಪಟ್ಟಿಯಲ್ಲಿ ಅದರ ಹೆಸರಿತ್ತು. ಸೋಲ್ ಗಾಯನ, ಗುಂಯ್‌ಗುಟ್ಟುವ ಸೈಕೆಡೆಲಿಕ್ ಗಿಟಾರ್, ಲ್ಯಾಟಿನ್ ಲಯ, ಸಿನಿಮಾ ಹಿನ್ನೆಲೆ ಸಂಗೀತದ ಗಾಂಭೀರ್ಯ ಎಲ್ಲವೂ ಇಲ್ಲಿವೆ. ಆದರೆ ಇವೆಲ್ಲ ಐವತ್ತು ವರ್ಷ ಹಿಂದಿನ ಸರಕಲ್ಲವೇ?

ವಿರೋಧ

ಈ ಬೆರಕೆ ಹುಟ್ಟಿದ್ದು ಸಂಕಟದ ಕಾಲದಲ್ಲಿ. ನಿರ್ಮಾಪಕ ನಾರ್ಮನ್ ವಿಟ್‌ಫೀಲ್ಡ್ 1968ರಲ್ಲಿ ಟೆಂಪ್ಟೇಷನ್ಸ್ ತಂಡದಿಂದ ‘ಕ್ಲೌಡ್ ನೈನ್’ ಹಾಡಿಸಿದಾಗ ವಿಯೆಟ್ನಾಂ ಯುದ್ಧ ನಡೆದಿತ್ತು, ಕಪ್ಪು ಜನರ ಬಡಾವಣೆಗಳು ಕುದಿಯುತ್ತಿದ್ದವು. ಐಸಾಕ್ ಹೇಯ್ಸ್‌ರ ‘ಶಾಫ್ಟ್’ (1971), ಕರ್ಟಿಸ್ ಮೇಫೀಲ್ಡ್‌ರ ‘ಸೂಪರ್ ಫ್ಲೈ’ (1972) ಆ ಬೀದಿಗಳ ಬದುಕನ್ನೇ ತೆರೆಗೆ ತಂದ ಚಿತ್ರಗಳಿಗೆ ಕಟ್ಟಿದ ಸಂಗೀತ. ಆ ಸಿಟ್ಟನ್ನು ಬಿಟ್ಟು ನಾದವನ್ನಷ್ಟೇ ಎತ್ತಿಕೊಂಡರೆ ಉಳಿಯುವುದು ಹಿತವಾದ ಗುಂಗು. ಮೊದಲ ಆಲ್ಬಮ್‌ನ 2020ರ ವಿಸ್ತೃತ ಆವೃತ್ತಿಗೂ ಬ್ಲ್ಯಾಕ್ ಪ್ಯೂಮಾಸ್ ಬೀಟಲ್ಸ್, ಟ್ರೇಸಿ ಚಾಪ್‌ಮನ್‌ರ ಹಾಡುಗಳನ್ನು ಆಶ್ರಯಿಸಿತು.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ಪರ

ಆದರೂ ಎರವಲು ಎನ್ನುವವರು ಊರನ್ನು ಮರೆಯುತ್ತಾರೆ. ತಂಡದ ಗಿಟಾರ್ ವಾದಕ ಏಡ್ರಿಯನ್ ಕೆಸಾಡಾ ಮೆಕ್ಸಿಕೋ ಗಡಿಯಲ್ಲಿರುವ ಟೆಕ್ಸಸ್‌ನ ಲರೇಡೋದವರು. ಅವರಿದ್ದ ಲ್ಯಾಟಿನ್ ಫಂಕ್ ತಂಡ ಗ್ರೂಪೊ ಫ್ಯಾಂಟಸ್ಮ 2011ರಲ್ಲಿ ಗ್ರ್ಯಾಮಿ ಗೆದ್ದಿತ್ತು. ಟೆಕ್ಸಸ್‌ನ ಮೆಕ್ಸಿಕನ್ ಮೂಲದ ಹುಡುಗರಿಗೆ ಸೋಲ್ ಪರಕೀಯವೂ ಅಲ್ಲ: ಸ್ಯಾನ್ ಆಂಟೋನಿಯೊದ ಸನ್ನಿ ಅಂಡ್ ದ ಸನ್‌ಲೈನರ್ಸ್ 1963ರಲ್ಲೇ ‘ಟಾಕ್ ಟು ಮಿ’ ಹಾಡಿ ದೇಶದ ಗಮನ ಸೆಳೆದಿತ್ತು. ಕೆಸಾಡಾ ಆ ಮನೆತನದ ವಾರಸುದಾರ.

ಗಾಯಕ ಎರಿಕ್ ಬರ್ಟನ್ ಬಂದ ದಾರಿಯೇ ಬೇರೆ. ಸಾಂಟಾ ಮೋನಿಕಾದ ಕಡಲಕಟ್ಟೆಯಲ್ಲಿ ಹಾಡಿ ದಾರಿಹೋಕರ ಕಾಸಿನಿಂದ ಬದುಕಿದವರು, ಆಸ್ಟಿನ್‌ಗೆ ಬಂದ ಮೇಲೂ ಬೀದಿಯಲ್ಲೇ ಹಾಡಿದವರು. ಕೆಸಾಡಾ ಮಾಡಿಟ್ಟಿದ್ದ ವಾದ್ಯಸಂಗೀತಕ್ಕೆ ಅವರು ಮೊದಲು ದನಿ ಸೇರಿಸಿದ್ದು ಫೋನಿನಲ್ಲಿ! ತಂಡಕ್ಕೆ ಹೆಸರು ತಂದ ‘ಕಲರ್ಸ್’ ಬರ್ಟನ್ ಈ ಜೋಡಿ ಕೂಡುವುದಕ್ಕೂ ಬಹಳ ಮೊದಲೇ ಬರೆದ ಹಾಡು. ಒಂಟಿ ಗಿಟಾರಿನಿಂದ ಶುರುವಾಗಿ, ಕೋರಸ್ ಸೇರಿ, ಕೀಬೋರ್ಡ್ ಹರಿದಾಡುವ ಹೊತ್ತಿಗೆ ಕೇಳುಗ ಯಾವ ದಶಕವನ್ನೂ ಹುಡುಕುತ್ತಿರುವುದಿಲ್ಲ. ಬೀದಿಯಲ್ಲಿ ನಿಂತವರನ್ನು ತಡೆದು ಕೇಳಿಸಬೇಕಾದ ಗಾಯಕನ ತುರ್ತು ಆ ಕಂಠದಲ್ಲಿದೆ. ಅದನ್ನು ಹಳೆಯ ರೆಕಾರ್ಡಿನಿಂದ ಕಲಿಯಲಾಗದು.

ಎರಡೂ ವಾದ ತೂಗಿದಾಗ ತಕ್ಕಡಿ ‘ಪರ’ದ ಕಡೆಗೇ ವಾಲುತ್ತದೆ. ನಾಲ್ಕು ವರ್ಷ ಕಾಯಿಸಿ 2023ರಲ್ಲಿ ಬಂದ ಎರಡನೇ ಆಲ್ಬಮ್ ‘ಕ್ರಾನಿಕಲ್ಸ್ ಆಫ್ ಎ ಡೈಮಂಡ್’ ಕೇಳುವ ಮುನ್ನ ಓದುಗರು ಸನ್‌ಲೈನರ್ಸ್ ಹಾಡನ್ನೊಮ್ಮೆ ಕೇಳಲಿ. ನಕಲು ಯಾವುದು, ಮುಂದುವರಿಕೆ ಯಾವುದು ಎಂದು ತಾವೇ ತೀರ್ಮಾನಿಸಲಿ.