ಆಮೇಲೆ ನೋಡೋಣಂದ್ರ ಇರ್ತದೇನು?

1/4
“ಟಿವಿ ಮುಂದ ಯಾರು ಕುಂದರ್ತಾರೋ, ಆ್ಯಪ್‌ನಾಗ ಬರ್ತದಲ್ಲ, ಆಮೇಲೆ ನೋಡಿದ್ರಾತು.” ನಮ್ಮ ಕ್ಲಾಸಿನಾಗ ಎಲ್ಲರ ಬಾಯಾಗೂ ಇದೇ ಮಾತು. ನನ್ನ ತಕರಾರು ಆ “ಆಮೇಲೆ” ಅನ್ನೋದರ ಮ್ಯಾಲ ಅದ, ದೋಸ್ತ್ರೆ.

ಕಲರ್ಸ್ ಕನ್ನಡದ ಧಾರಾವಾಹಿನೇ ತಗೊಳ್ರಿ. 2016ರಾಗ ವೂಟ್ ಬಂತು, ತಪ್ಪಿದ ಕಂತು ಅಲ್ಲಿ ನೋಡ್ತಿದ್ವಿ. 2023ರಾಗ ವೂಟ್ ಬಂದ್ ಆಗಿ ಎಲ್ಲ ಜಿಯೋಸಿನಿಮಾಕ್ಕ ಹೋಯ್ತು. 2025ರ ಫೆಬ್ರುವರಿ 14ಕ್ಕ ಅದೂ ಹಾಟ್‌ಸ್ಟಾರ್ ಜೊತಿ ಸೇರಿ ಜಿಯೋಹಾಟ್‌ಸ್ಟಾರ್ ಆಯ್ತು. ಚಾನೆಲ್ ಒಂದೇ, ಮನಿ ಮೂರು. ಪ್ರತಿ ಸಲ ಮನಿ ಬದಲಿಸುವಾಗ ಸಾಮಾನು ಎಲ್ಲ ಹೊತ್ಕೊಂಡು ಹೋಗಬೇಕು ಅಂತ ಕಂಪನಿಗೆ ಯಾರೂ ಕರಾರು ಹಾಕಿಲ್ಲ.

“ಡೌನ್‌ಲೋಡ್ ಮಾಡಿ ಇಟ್ಟೀನಲ್ಲ” ಅಂತೀರಿ. ಅದು ನಿಮ್ಮ ಗ್ಯಾಲರಿಗೆ ಬಂದಿರಂಗಿಲ್ಲ, ಆ್ಯಪ್ ಒಳಗ ಬೀಗ ಹಾಕ್ಕೊಂಡು ಕುಂತಿರ್ತದ. ಅವಧಿ ಮುಗಿದ್ರ, ಚಂದಾ ಮುಗಿದ್ರ, ಆ್ಯಪ್ ತೆಗೆದ್ರ, ಹೋಯ್ತು. ದುಬೈಗೆ ದುಡಿಯಾಕ ಹೋದ ನಮ್ಮ ಕಡಿ ಮಂದಿಗೆ “ನಿಮ್ಮ ದೇಶದಲ್ಲಿ ಲಭ್ಯವಿಲ್ಲ” ಅಂತ ಬರೋದು ಇದಕ್ಕೇ: ಪ್ರಸಾರದ ಹಕ್ಕು ಒಂದೊಂದು ದೇಶಕ್ಕ ಬ್ಯಾರೆ ಬ್ಯಾರೆ ಮಾರಾಟ ಆಗ್ತದ. ಕಮಲಾಪುರದಿಂದ ದಿನಾ ಬಸ್ಸಿನಾಗ ಬರೋ ನಿಮಗ ನೆಟ್‌ವರ್ಕ್ ಬಗ್ಗೆ ನಾ ಏನು ಹೇಳೋದು ಬಿಡ್ರಿ.

ಬಿಬಿಸಿಯ ಐಪ್ಲೇಯರ್ 2007ರ ಕೊನೀಗೆ ಶುರುವಾದಾಗ ಹೆಚ್ಚಿನ ಕಾರ್ಯಕ್ರಮ ಅಲ್ಲಿ 7 ದಿನ ಇರ್ತಿದ್ದವು. ಅಂದ್ರ ಈ ಸೇವೆ ಹುಟ್ಟಿದ್ದೇ “ವಾರದೊಳಗ ನೋಡ್ಕೊ” ಅನ್ನೋ ಲೆಕ್ಕದಾಗ. ಜೋಪಾನ ಮಾಡಿ ಇಡ್ತೀವಿ ಅಂತ ಅವರು ಹೇಳಿರಲಿಲ್ಲ, ನಾವೇ ಹಂಗ ತಿಳ್ಕೊಂಡೀವಿ.

2/4
ಫೋಟೊದಾಗ ಕಾಣೋದು ಐವಾನ್-ಎ-ಶಾಹಿ. ನಿಜಾಮರ ಕಾಲದ ಕಟ್ಟಡ, ಈಗ ಸರಕಾರಿ ಅತಿಥಿಗೃಹ. ಮಂತ್ರಿಗಳು ಬಂದ್ರ ಇಲ್ಲೇ ಇಳೀತಾರ, ಹೊರಗ ಕ್ಯಾಮೆರಾ ಸಾಲಾಗಿ ನಿಂತಿರ್ತಾವ. ನೀರು, ರಸ್ತೆ, 371ಜೆ ನೇಮಕಾತಿ ಅಂತ ಅಲ್ಲಿ ಕೊಟ್ಟ ಮಾತು ಸಂಜೀಗೆ ಟಿವಿಯಾಗ ಬರ್ತದ. ಎರಡು ವರ್ಷದ ಮ್ಯಾಲ ಆ ಮಾತು ಕೇಳಬೇಕಂದ್ರ ಎಲ್ಲಿ ಹುಡುಕೋದು? ಧಾರಾವಾಹಿ ತಪ್ಪಿದ್ರ ಯಾರಾದ್ರೂ ಕತಿ ಹೇಳ್ತಾರ. ಊರಿನ ಸುದ್ದಿ ತಪ್ಪಿದ್ರ ಸಾಕ್ಷಿನೇ ಹೋದಂಗ.

ನಮ್ಮೂರಿನ ಟಿವಿ ಚರಿತ್ರೆ ಸಣ್ಣದೇನಲ್ಲ. 1975ರ ಆಗಸ್ಟ್ 1ಕ್ಕ ಇಸ್ರೋದವರು ಅಮೆರಿಕದ ಉಪಗ್ರಹ ಬಳಸಿ ‘ಸೈಟ್’ ಅನ್ನೋ ಪ್ರಯೋಗ ಶುರು ಮಾಡಿದ್ರು. ಆರು ರಾಜ್ಯ, ಸುಮಾರು 2400 ಹಳ್ಳಿ, ಒಂದು ವರ್ಷ. ಕರ್ನಾಟಕದಾಗ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲಾದ ಹಳ್ಳಿಗಳನ್ನ. ಕನ್ನಡ ಕಾರ್ಯಕ್ರಮ ತಯಾರಾಗ್ತಿದ್ದದ್ದು ಹೈದರಾಬಾದಿನಾಗ! ಪ್ರಯೋಗ ಮುಗಿದ ಮ್ಯಾಲ 1977ರಾಗ ಗುಲಬರ್ಗಾಕ್ಕ ದೂರದರ್ಶನದ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಾಗ. ಹೌದ್ರಿ, ಒಮ್ಮೆಯಾದ್ರೂ ನಾವು ಮುಂದ ಇದ್ವಿ.

ಆಮೇಲೆ 2021. ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನ ದೇಶದ ತುಂಬ ಬಂದ್ ಮಾಡ್ತಾ ಬಂದ್ರು. ಕಲಬುರಗಿ ಕೇಂದ್ರನೇ ಮುಚ್ಚತಾರ ಅಂತ ಸುದ್ದಿ ಹಬ್ಬಿತು. ಅಕ್ಟೋಬರ್‌ನಾಗ ಸರಕಾರ ಸ್ಪಷ್ಟನೆ ಕೊಡ್ತು: ಕೇಂದ್ರ ಇರ್ತದ, ಕಾರ್ಯಕ್ರಮ ಮಾಡ್ತದ, ಅವು ಚಂದನಕ್ಕ ಹೋಗ್ತಾವ, ಯೂಟ್ಯೂಬಿಗೂ ಬರ್ತಾವ. ಅಂದ್ರ ನಮ್ಮ ಸ್ಥಳೀಯ ಟಿವಿಗೆ ಉಳಿದ ಸ್ವಂತ ಜಾಗ ಅಂದ್ರ ಒಂದು ಖಾಸಗಿ ಕಂಪನಿಯ ವೇದಿಕೆ.

3/4
ಯೂಟ್ಯೂಬ್ ಬ್ಯಾಡ ಅಂತ ನಾ ಹೇಳಂಗಿಲ್ಲ. ನಿಜ ಹೇಳಬೇಕಂದ್ರ ಕನ್ನಡದಾಗ ನಾ ಕಂಡ ಛಲೋ ಕ್ಯಾಚ್‌ಅಪ್ ಅದೇ. ಕೊರೊನಾ ಟೈಮಿನಾಗ ಚಂದನದಾಗ ‘ಸಂವೇದ’ ಪಾಠ ಬರ್ತಿದ್ವು, ನೆನಪದ ಏನು? ನಿಮ್ಮ ಕ್ಲಾಸಿನ ಹೊತ್ತಿಗೇ ಕರೆಂಟ್ ಹೋದ್ರ ಪಾಠ ಹೋದಂಗ. ಅದೇ ಪಾಠ ಯೂಟ್ಯೂಬಿಗೂ ಹಾಕಿದ್ದಕ್ಕ ಎಷ್ಟೋ ಹುಡುಗರು ಪಾಸಾದ್ರು. ಚಂದಾ ಇಲ್ಲ, ಲಾಗಿನ್ ಇಲ್ಲ, ಯಾವ ಊರಿನವರಾದ್ರೂ ನೋಡಬಹುದು.

ಆದ್ರ ಯಾರೋ ಒಬ್ರು ಹಾಕಿದ್ರ ಮಾತ್ರ ಇರ್ತದ. ತಾರೀಕು, ಊರು, ಮಾತಾಡಿದವರ ಹೆಸರು ಬರೀದೆ “ವಿಶೇಷ ಕಾರ್ಯಕ್ರಮ” ಅಂತ ಹೆಸರಿಟ್ಟು ಹಾಕಿದ್ರ ಇದ್ದೂ ಇಲ್ಲದಂಗ. 2024ರ ನವೆಂಬರ್‌ನಾಗ ಪ್ರಸಾರ ಭಾರತಿ ‘ವೇವ್ಸ್’ ಅನ್ನೋ ಸ್ವಂತ ಆ್ಯಪ್ ತಂತು, ದೂರದರ್ಶನದ ಹಳೇ ಧಾರಾವಾಹಿಗಳೂ ಅದರಾಗ ಅವ. ರಾಮಾಯಣ, ಮಹಾಭಾರತ ಇರಲಿ ಬಿಡ್ರಿ, ಅವನ್ನ ಯಾರೂ ಮರೆಯಂಗಿಲ್ಲ. ನಂಗ ಬೇಕಾಗಿರೋದು ಕಲಬುರಗಿ ಕೇಂದ್ರದ ತೊಗರಿ ಬೆಳೆಗಾರರ ಮಾತು, ತತ್ವಪದ ಹಾಡೋರ ದನಿ.

4/4
ಹಂಗಾದ್ರ ಬ್ಯಾರೆ ದಾರಿ? ಮೊದಲನೇದು, ಹಳೇ ಕಾಲದ ದಾರಿ: ರೆಕಾರ್ಡಿಂಗ್. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗಿ ಇಲ್ಲ, ಚಂದನ ಅದರಾಗ ಸಿಗ್ತದ. ಎಷ್ಟೋ ಸೆಟ್‌ಟಾಪ್ ಬಾಕ್ಸಿನಾಗ ಪೆನ್‌ಡ್ರೈವ್ ಹಾಕಿ ರೆಕಾರ್ಡ್ ಮಾಡೋ ಸವಲತ್ತು ಇರ್ತದ, ಮನ್ಯಾಗ ರಿಮೋಟ್ ತಗೊಂಡು ಒಮ್ಮೆ ನೋಡ್ರಿ. ಡೇಟಾ ಖರ್ಚು ಸೊನ್ನೆ. ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಪ್ರಸಾರವನ್ನು ಸ್ವಂತ ಬಳಕೆಗೆ, ಇಲ್ಲವೇ ಪ್ರಾಮಾಣಿಕ ಬೋಧನೆ, ಸಂಶೋಧನೆಗೆ ರೆಕಾರ್ಡ್ ಮಾಡೋದನ್ನ ಪ್ರಸಾರ ಹಕ್ಕಿನ ಉಲ್ಲಂಘನೆ ಅನ್ನಂಗಿಲ್ಲ. ಟೆಲಿಗ್ರಾಮ್‌ನಾಗ ಹಂಚೋದು ಬ್ಯಾರೆ ಮಾತು, ಅದಕ್ಕ ಈ ಕಲಮು ಹೇಳಿ ಕೈ ತೊಳ್ಕೋಬ್ಯಾಡ್ರಿ.

ಎರಡನೇದು ನಮ್ಮ ಕೈಲಿ ಆಗೋದಲ್ಲ, ಕೇಳೋದು ಮಾತ್ರ ಆಗ್ತದ. ಈ ದೇಶದಾಗ ಒಂದು ಸಣ್ಣ ಕವನ ಸಂಕಲನ ಅಚ್ಚಾದ್ರೂ 1954ರ ಕಾಯ್ದೆ ಪ್ರಕಾರ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕ ಒಂದು ಪ್ರತಿ ಕಳಿಸಬೇಕು. ಆ ಕಾಯ್ದೆ ಪುಸ್ತಕ, ಪತ್ರಿಕೆಗೆ ಅದ. ಟಿವಿ ಕಾರ್ಯಕ್ರಮ ಅದರಾಗ ಬರಂಗಿಲ್ಲ. ಫ್ರಾನ್ಸಿನಾಗ 1992ರಿಂದ ರೇಡಿಯೊ, ಟಿವಿಗೂ ಇಂಥ ಕಾಯ್ದೆ ಅದ. ನಮ್ಮ ತೆರಿಗಿ ದುಡ್ಡಿನಾಗ ತಯಾರಾದ ಕಲಬುರಗಿ ಕೇಂದ್ರದ ಕಾರ್ಯಕ್ರಮಗಳದ್ದು 1977ರಿಂದ ಇವತ್ತಿನ ತನಕ ಒಂದು ಪಟ್ಟಿನಾದ್ರೂ ಹೊರಗ ಇಡ್ರಿ ಅಂತ ಕೇಳಿದ್ರ ತಪ್ಪೇನು? ವಿಡಿಯೊ ಆಮೇಲೆ ಕೊಡ್ಲಿ, ಮೊದಲು ಪಟ್ಟಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ನಾಲ್ಕು ಮಂದಿ ಸೇರಿದ್ರ ತಲಾ ಎರಡೂವರೆ. ಯಾರ್ಯಾರು ಬರ್ತೀರಿ ಹೇಳ್ರಿ.

ಇನ್ನೊಂದು ಮಾತು. ನಿಮ್ಮ ಮನಿ ಅಲಮಾರಿಯಾಗ, ಲಗ್ನದ ಕ್ಯಾಸೆಟ್ ಜೊತಿ, ಅಜ್ಜನೋ ಮಾಮಾನೋ ಟಿವಿಯಾಗ ಬಂದಿದ್ದ ವಿಎಚ್‌ಎಸ್ ಟೇಪ್ ಇದ್ರ ಬಿಸಾಕಬ್ಯಾಡ್ರಿ. ನಮ್ಮ ಬಿಸಿಲಿಗೂ ಮಳಿಗಾಲದ ಬೂಷ್ಟಿಗೂ ಅವು ಬಾಳ ದಿನ ತಡೆಯಂಗಿಲ್ಲ. ಮೆಸೇಜ್ ಹಾಕ್ರಿ, ಓಡೋ ವಿಸಿಆರ್ ಒಂದು ಹುಡುಕಾಕ ಹತ್ತೀನಿ.

#ಕಲಬುರಗಿ #ಐವಾನ್_ಎ_ಶಾಹಿ #ಚಂದನ #ನಮ್ಮೂರಟಿವಿ