ಗೋಡೆಗೆ ತೂಗುಹಾಕಿದ ಬಲಿ

ಶಹಾಪುರದಲ್ಲಿ ಪರಿಚಯದ ಹುಡುಗನೊಬ್ಬ ಕಾಫಿ ಅಂಗಡಿ ತೆರೆದಿದ್ದಾನೆ. ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು ಬಂದವನು. ಬೂದು ಬಣ್ಣದ ಗೋಡೆ, ಹಳದಿ ಬಲ್ಬು, ಆನ್‌ಲೈನಿನಲ್ಲಿ ತರಿಸಿದ ಫ್ರೇಮುಗಳು. ಅವುಗಳಲ್ಲೊಂದರಲ್ಲಿ, ಮೆಟ್ಟಿಲುಗಳ ಗುಡಿಯ ತುದಿಗೆ, ಕಲ್ಲಿನ ಮೇಲೆ ಒಬ್ಬ ಮನುಷ್ಯನನ್ನು ಹಿಂದಕ್ಕೆ ಬಾಗಿಸಿ ಮಲಗಿಸಿದ್ದಾರೆ. ಪೂಜಾರಿಯ ಕೈಯಲ್ಲಿ ಕತ್ತಿ. ಕಿತ್ತ ಹೃದಯ ಮೇಲಕ್ಕೆ ಹಾರುತ್ತಿದೆ, ನೆತ್ತರು ಮೆಟ್ಟಿಲುಗುಂಟ ಇಳಿದಿದೆ, ಕೆಳಗೆ ಇನ್ನೊಂದು ದೇಹ ಬಿದ್ದಿದೆ.

"ಛಂದ ಅದಲ್ರಿ ಅಣ್ಣಾ? ಮಂದಿ ಅದರ ಮುಂದನೇ ನಿಂತು ಫೋಟೊ ತಕ್ಕೋತಾರ" ಅಂದ.

ಯಾರು ಬರೆದದ್ದು ಅಂತ ಕೇಳಿದೆ. "ಅಜ್ಟೆಕ್ ಅಂತ್ರಿ. ವಿಂಟೇಜ್."

ನನ್ನ ಜಗಳ ಇರುವುದು ಆ ಹುಡುಗನ ಜೊತೆಗಲ್ಲ, 'ವಿಂಟೇಜ್' ಎಂಬ ಆ ಒಂದು ಪದದ ಜೊತೆಗೆ. ಆ ಚಿತ್ರ ಮಾಗ್ಲಿಯಬೆಕಿಯಾನೊ ಎಂಬ ಚಿತ್ರಪುಸ್ತಕದ ಒಂದು ಹಾಳೆ. ಅಜ್ಟೆಕರ ರಾಜಧಾನಿ ತೆನೋಚ್‌ತಿತ್ಲಾನ್ 1521ರಲ್ಲಿ ಸ್ಪೇನಿನವರ ಕೈಗೆ ಬಿತ್ತು. ಈ ಪುಸ್ತಕ ಸಿದ್ಧವಾದದ್ದು ಆಮೇಲೆ, ಹದಿನಾರನೇ ಶತಮಾನದ ನಡುವಿನಲ್ಲಿ, ಯುರೋಪಿನ ಕಾಗದದ ಮೇಲೆ, ಸ್ಪ್ಯಾನಿಶ್ ಬರಹದ ಜೊತೆಗೆ. ಇಂದು ಅದು ಇಟಲಿಯ ಫ್ಲಾರೆನ್ಸ್ ನಗರದ ಗ್ರಂಥಾಲಯದಲ್ಲಿದೆ. ಅಂದರೆ ಗುಡಿ ಕೆಡವಿದ ಮೇಲೆ, ಹಳೆಯ ಚಿತ್ರಪುಸ್ತಕಗಳನ್ನು ಪಾದ್ರಿಗಳು ರಾಶಿ ಹಾಕಿ ಸುಟ್ಟ ಮೇಲೆ, ಗೆದ್ದವರ ಕಣ್ಣಿಗಾಗಿ ತಯಾರಾದ ಚಿತ್ರವಿದು. ಬರೆದ ಕೈ ಅಲ್ಲಿನವರದೇ ಇದ್ದೀತು, ಓದುಗ ಮಾತ್ರ ಹೊರಗಿನವನು. ಮಾರುವವರು ಬರಹವನ್ನು ಬಿಟ್ಟು ಬಣ್ಣವನ್ನಷ್ಟೇ ಉಳಿಸಿಕೊಂಡಿದ್ದಾರೆ. ಸಾಕ್ಷಿ ಹೇಳಿಕೆಯ ಸಹಿ ಕತ್ತರಿಸಿ ಅಕ್ಷರ ಛಂದ ಅದ ಅಂತ ಗೋಡೆಗೆ ಅಂಟಿಸಿದ ಹಾಗೆ.

ಹಾಗಾದರೆ ಬಲಿಯೆಲ್ಲ ಸ್ಪೇನಿನವರು ಹೆಣೆದ ಸುಳ್ಳೇ? ನಮ್ಮ ವಿಶ್ವವಿದ್ಯಾಲಯದ ಕಾರಿಡಾರುಗಳಲ್ಲಿ ಈ ಮಾತು ಬಲು ಸಲೀಸಾಗಿ ಓಡಾಡುತ್ತದೆ, ನಾನೂ ಒಂದು ಕಾಲಕ್ಕೆ ಆಡಿದ್ದೇನೆ. ಆದರೆ ಮೆಕ್ಸಿಕೊ ನಗರದ ನೆಲದಡಿಯಲ್ಲಿ 2015ರಿಂದ ತಲೆಬುರುಡೆಗಳ ಗೋಪುರವೊಂದು ಬಯಲಾಗುತ್ತ ಬಂದಿದೆ. 2020ರ ಹೊತ್ತಿಗೆ ಆರುನೂರು ದಾಟಿದ್ದವು, ಹೆಂಗಸರವೂ ಮಕ್ಕಳವೂ ಸೇರಿ. ಬಲಿ ನಡೆದಿತ್ತು. ಕೊರ್ತೆಸ್‌ನ ದಂಡಿನಲ್ಲಿದ್ದ ಆಂದ್ರೆಸ್ ದೆ ತಾಪಿಯಾ ಬುರುಡೆಗಳ ಲೆಕ್ಕವನ್ನು 1,36,000ಕ್ಕೆ ಒಯ್ದು ನಿಲ್ಲಿಸಿದ್ದ. ಸತ್ಯ ಈ ಎರಡು ಅಂಕಿಗಳ ನಡುವೆ ಎಲ್ಲೋ ಇರಬೇಕು. ಅದನ್ನು ಹುಡುಕುವುದು ಕಷ್ಟದ ಕೆಲಸ, ಫೋಟೊ ತೆಗೆಸಿಕೊಳ್ಳುವುದು ಸುಲಭ.

ಈಗ ನಮ್ಮೂರ ಕಡೆ ಬರೋಣ. ಯಾದಗಿರಿ ತಾಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಗೆ ಮೈಲಾರಲಿಂಗನ ಜಾತ್ರೆ. ಭಂಡಾರದ ಹಳದಿ ಧೂಳಿನ ನಡುವೆ ಪಲ್ಲಕ್ಕಿ ಹೊರಟಾಗ ಹರಕೆ ಹೊತ್ತವರು ಜೀವಂತ ಕುರಿಮರಿಗಳನ್ನು ಅದರ ಮೇಲೆ ಎಸೆಯುತ್ತಿದ್ದರು. ಜಿಲ್ಲಾಡಳಿತ ನಿಷೇಧಿಸಿದೆ, ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ತಡೆಯುತ್ತದೆ. ನಿಷೇಧ ಸರಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗಾಳಿಯಲ್ಲಿ ತೇಲುವ ಕುರಿಮರಿಯ ಫೋಟೊವನ್ನು ಇದೇ ಅಂಗಡಿಯಲ್ಲಿ ಇದೇ ಫ್ರೇಮಿನಲ್ಲಿ ಹಾಕಲಿ ನೋಡೋಣ. ಹಾಕುವುದಿಲ್ಲ. ಕುರಿ ಕಾಯುವ ಮನೆಯವರ ಹರಕೆ 'ಮೌಢ್ಯ', ಸಮುದ್ರದಾಚೆಯ ನರಬಲಿ 'ಆರ್ಟ್'. ಎದುರಿಗಿದ್ದರೆ ನಾಚಿಕೆ, ಐನೂರು ವರ್ಷ ದೂರವಿದ್ದರೆ ಅಲಂಕಾರ. ಆ ಕಲ್ಲಿನ ಮೇಲೆ ಮಲಗಿದವನಿಗೂ ಒಂದು ಊರಿತ್ತು, ಅವನ ಕುಲದವರ ಮೊಮ್ಮಕ್ಕಳು ಇಂದಿಗೂ ನಾವಾತ್ಲ್ ಮಾತಾಡುತ್ತಾರೆ ಎಂಬುದು ಕಾಫಿಗೆ ಅಡ್ಡ ಬರುವುದಿಲ್ಲ.

ನಮ್ಮ ನೆಲವೂ ಒಮ್ಮೆ ಹೀಗೆ ಚಿತ್ರವಾಗಿ ಹೋಗಿದೆ. ಸುರಪುರದಲ್ಲಿ ಮಹಾದೇವ ಬಾಬಾ ಎಂದು ಜನ ಕರೆದ ಮೆಡೋಸ್ ಟೇಲರ್ ಇಲ್ಲಿಗೆ ಬರುವ ಮೊದಲೇ, 1839ರಲ್ಲಿ, ಕಾಳಿಯ ಹೆಸರಿನಲ್ಲಿ ಕತ್ತು ಬಿಗಿಯುವ ಠಕ್ಕರ ಕಾದಂಬರಿ ಬರೆದು ಲಂಡನ್ನಿನ ದಿವಾನಖಾನೆಗಳಿಗೆ ರೋಮಾಂಚನ ಒದಗಿಸಿದ್ದ. ಸುರಪುರದ ಆಡಳಿತ ನೋಡುತ್ತಲೇ ಸುತ್ತಲಿನ ಪ್ರಾಚೀನ ಕಲ್ಲುಗಳ ಬೆನ್ನು ಹತ್ತಿದ. ಜೇವರ್ಗಿಯ ಕಲ್ಲುಗುಪ್ಪೆಯ ಸಮಾಧಿಗಳನ್ನು ಅಗೆಸಿ, ಮಣ್ಣಿನ ಪದರಗಳ ನಡುವೆ ಎಲುಬು ಎಲ್ಲಿ ಹೇಗಿತ್ತೋ ಹಾಗೇ ಗುರುತಿಸಿ ಅಡ್ಡಕೊಯ್ತದ ಚಿತ್ರ ಬರೆದ. ನೂರು ವರ್ಷಗಳ ಮೇಲೆ ಮಾರ್ಟಿಮರ್ ವ್ಹೀಲರ್ ಅದನ್ನು ತನ್ನ ಪುಸ್ತಕದಲ್ಲಿ ಮೆಚ್ಚಿ ಎತ್ತಿ ತೋರಿಸಿದ. ಚಿತ್ರ ಪ್ರಾಮಾಣಿಕವಾಗಿತ್ತು. ಆದರೆ ತಲೆ ಬೇರೆಯಾಗಿ ಬಿದ್ದ ಅಸ್ಥಿಪಂಜರಗಳನ್ನು ಕಂಡು ಟೇಲರ್ ಓದಿಕೊಂಡದ್ದು ನರಬಲಿ ಎಂದು. ಇವು ಸಿಥಿಯನ್ನರ, ಡ್ರುಯಿಡರ ಪಳೆಯುಳಿಕೆಗಳು ಎಂಬ ಗುಂಗು ಅವನ ತಲೆಯಲ್ಲಿ ಮೊದಲೇ ಕೂತಿತ್ತು. ಬೃಹತ್ ಶಿಲಾ ಸಂಸ್ಕೃತಿಯವರು ಎಲುಬು ಆಯ್ದು ಎರಡನೇ ಸಲ ಹೂಳುವುದು ದಕ್ಷಿಣ ಭಾರತದಲ್ಲೆಲ್ಲ ಕಾಣುವ ಪದ್ಧತಿ ಎಂಬುದು ಗೊತ್ತಾದ ಮೇಲೆ ಅಂಥ ಓದನ್ನು ಹಾಗೇ ಒಪ್ಪಲಾಗದು. ಆ ಚಿತ್ರವನ್ನು ನಾಳೆ ಯಾರೋ ಹಿಗ್ಗಿಸಿ, 'ದಖ್ಖನ್ನಿನ ಬಲಿ' ಎಂದು ಹೆಸರಿಟ್ಟು ಮೆಕ್ಸಿಕೊದ ಕಾಫಿ ಅಂಗಡಿಗೆ ಮಾರಿದರೆ ನಮಗೆ ಏನನ್ನಿಸೀತು?

ಇದನ್ನೆಲ್ಲ ಹೇಳಿದಾಗ ಗೆಳೆಯರು ಕೊಡುವ ಪರಿಹಾರ ಒಂದೇ: ಅದನ್ನು ತೆಗೆಸಿ ಸುರಪುರ ಶೈಲಿಯ ಚಿತ್ರ ಹಾಕಿಸು, ಸ್ಥಳೀಯ ಕಲೆ ಉಳಿಯುತ್ತದೆ. ಚಿನ್ನದ ಹಾಳೆಯ ಆ ಕೃಷ್ಣ, ಆ ಲಕ್ಷ್ಮಿ ದೇವರ ಮನೆಗಾಗಿ ಹುಟ್ಟಿದವರು. ಈಗಾಗಲೇ ಗಣ್ಯರಿಗೆ ಕೊಡುವ ನೆನಪಿನ ಕಾಣಿಕೆಯಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಕಲಾವಿದನಿಗೆ ನಾಲ್ಕು ಕಾಸು ಸಿಗುವುದಾದರೆ ಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಒಂದು ಮೂಕ ಚಿತ್ರದ ಜಾಗಕ್ಕೆ ಇನ್ನೊಂದು ಮೂಕ ಚಿತ್ರ ತಂದು ನಿಲ್ಲಿಸಿದರೆ ನನ್ನ ತಕರಾರು ತೀರುವುದಿಲ್ಲ.

ತೆಗೆ ಅಂತ ನಾನು ಹೇಳಿಲ್ಲ. ಕೆಳಗೆ ನಾಲ್ಕು ಸಾಲು ಬರೆಸು ಅಂದೆ: ಯಾರು, ಯಾವಾಗ, ಯಾರಿಗಾಗಿ ಬರೆದದ್ದು, ಎಲ್ಲಿದೆ. "ಯಾರ್ ಓದ್ತಾರ್ರಿ ಅಣ್ಣಾ?" ಅಂದ. ಕಾಫಿ ಬರುವ ತನಕ ಮೊಬೈಲು ತಿಕ್ಕುತ್ತ ಕೂತವರು ಓದಲಿ ಎಂದು ಹೇಳಿ ಅಲ್ಲೇ ಕೂತು ಬರೆದುಕೊಟ್ಟೆ. ನಾಲ್ಕು ಸಾಲು ಏಳಾಯಿತು. ಜಾಗ ಸಾಲಂಗಿಲ್ಲ, ಮೂರಕ್ಕ ಇಳಿಸಿಕೊಡ್ರಿ ಅನ್ನುತ್ತಿದ್ದಾನೆ. ಯಾವುದನ್ನು ಬಿಡಬೇಕೋ ಇನ್ನೂ ತೋಚಿಲ್ಲ.